ಕಂಬಿ ಹಾಕಿದ ಕಕ್ಕಸು

ಕುಪ್ಪುಸ್ವಾಮಿ: ಒಳಗಿರೋದು ಯಾರಪ್ಪಾ? ಅದು ನಮ್ಮಂಥೋರಿಗೆ ಅಂತ ಕಟ್ಟಿರೋದು. ಬೇಗ ಆಚೆ ಬಾ.

ಒಳಗಿನ ದನಿ: ನಿಮ್ಮಂಥೋರು ಅಂದ್ರೆ ಯಾವ ಜನ? ಕಕ್ಕಸಿಗೂ ಜಾತಿ ಬಂತಾ?

ಕುಪ್ಪುಸ್ವಾಮಿ: ಜಾತಿ ಅಲ್ಲ ಕಣಪ್ಪಾ, ಕಾಲು.

ಒಳಗಿನ ದನಿ: ಕಾಲಾ? ನಂಗೆ ಎರಡವೆ.

ಕುಪ್ಪುಸ್ವಾಮಿ: ಅದೇ ತಪ್ಪು. ನಂಗೆ ಒಂದೇ.

ಬಂಗಾರಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಸಾಲಾಗಿ ನಾಲ್ಕು ಕಕ್ಕಸುಗಳು. ಮೂರು ಎಲ್ಲ ಕಡೆ ಇರುವಂಥವೇ. ನಾಲ್ಕನೆಯದಕ್ಕೆ ಅಗಲವಾದ ಬಾಗಿಲು, ಒಳಗೆ ಕುರ್ಚಿಯ ಹಾಗೆ ಕೂರುವ ಬಿಳಿ ಪಿಂಗಾಣಿ, ಹಿಡಿದುಕೊಳ್ಳಲು ಎರಡೂ ಕಡೆ ಕಬ್ಬಿಣದ ಕಂಬಿ. ಅದು ಸಾವಿರದ ಒಂಬೈನೂರ ಎಂಬತ್ತೊಂದು, ಅಂಗವಿಕಲರ ವರ್ಷ. ಆ ಲೆಕ್ಕದಲ್ಲಿ ಯಾರೋ ಪುಣ್ಯಾತ್ಮರು ಕಟ್ಟಿಸಿಕೊಟ್ಟು ಮೂರು ತಿಂಗಳಾಗಿತ್ತು.

ಕುಪ್ಪುಸ್ವಾಮಿ ಆಂಡರ್ಸನ್‌ಪೇಟೆಯ ಟೈಲರು. ಹುಡುಗನಾಗಿದ್ದಾಗಲೇ ಎಡಗಾಲು ಗಾಡಿಯ ಚಕ್ರಕ್ಕೆ ಸಿಕ್ಕಿ ಹೋಗಿತ್ತು. ಬಲಗಾಲಿನಲ್ಲಿ ಮಿಷನ್ನು ತುಳಿದು ಊರಿಗೆಲ್ಲ ಪ್ಯಾಂಟು ಹೊಲಿಯುತ್ತಿದ್ದ ಮನುಷ್ಯನಿಗೆ ಕುಕ್ಕರಗಾಲಲ್ಲಿ ಕೂರುವುದೊಂದು ಮಾತ್ರ ಆಗದ ಕೆಲಸ. ಬೆಳಿಗ್ಗೆ ಕೋಲಾರದ ತಂಗಿಯ ಮನೆಯಲ್ಲಿ, ಬೇಡ ಬೇಡ ಎನ್ನುತ್ತಲೇ, ಅವರೆಕಾಳು ಸಾರನ್ನು ಮೂರು ಸಲ ಬಡಿಸಿಕೊಂಡಿದ್ದ. ಬಸ್ಸು ಬಂಗಾರಪೇಟೆ ಮುಟ್ಟುವ ಮೊದಲೇ ಅವರೆಕಾಳು ತನ್ನ ಕೆಲಸ ಶುರು ಮಾಡಿತ್ತು. ಊರುಗೋಲು ಊರಿಕೊಂಡು ಓಡಿಬಂದರೆ ಬಾಗಿಲು ಹಾಕಿದೆ. ಬಾಗಿಲ ಮುಂದೆ ಒಂದು ಜೊತೆ ಚಪ್ಪಲಿಯನ್ನು ದೇವಸ್ಥಾನದ ಮುಂದೆ ಬಿಟ್ಟ ಹಾಗೆ ಜೋಡಿಸಿ ಬಿಡಲಾಗಿತ್ತು.

ಪಕ್ಕದಲ್ಲೇ ಸ್ಟೂಲಿನ ಮೇಲೆ ಕಾವಲಿನ ಸೊಣ್ಣಪ್ಪ ಬೀಡಿ ಸೇದುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಕುಪ್ಪುಸ್ವಾಮಿ: ಏನಣ್ಣಾ, ಎರಡು ಕಾಲಿರೋನ್ನ ಇದ್ರೊಳಕ್ಕೆ ಯಾಕೆ ಬಿಟ್ಟೆ?

ಸೊಣ್ಣಪ್ಪ: ಖಾಲಿ ಇತ್ತು. ಮಿಕ್ಕಿದ್ದರ ಮುಂದೆ ಸಾಲು ನಿಂತಿತ್ತು. ಮೂರು ತಿಂಗಳಿಂದ ಒಬ್ಬನೂ ಬಂದಿಲ್ಲ ಇದಕ್ಕೆ. ಬರೀ ತೊಳ್ದು ತೊಳ್ದು ನಂಗೇ ಬ್ಯಾಸರ ಆಗಿತ್ತು.

ಕುಪ್ಪುಸ್ವಾಮಿ: ಖಾಲಿ ಐತೆ ಅಂತ ನಿನ್ನ ಸ್ಟೂಲ್ ಮೇಲೆ ನಾನು ಕೂತ್ಕೊಂಡ್ರೆ ಸುಮ್ನಿರ್ತೀಯಾ?

ಸೊಣ್ಣಪ್ಪ: ಬ್ಯಾರೆ ದಿನ ಕೂತ್ಕೋ ಅಣ್ಣಾ. ಇವತ್ತು ಮಾತ್ರ ಬ್ಯಾಡ.

ಹೀಗೆಂದು ಅವನು ಸ್ಟೂಲನ್ನು ಎರಡು ಮಾರು ಆಚೆಗೆ ಎಳೆದುಕೊಂಡ.

ಕುಪ್ಪುಸ್ವಾಮಿ: ಏಯ್ ಒಳಗಿರೋನೆ, ನಿನ್ನ ಹೆಸರೇನು?

ಒಳಗಿನ ದನಿ: ಬಚ್ಚಪ್ಪ. ಬೇತಮಂಗಲ. ಎರಡು ಸೀಮೆಹಸು ಮಡಗಿದೀನಿ, ಡೈರಿಗೆ ಹಾಲು ಆಕ್ತೀನಿ.

ಕುಪ್ಪುಸ್ವಾಮಿ: ಹಾಲಿನ ವಿಷ್ಯ ಆಮೇಲೆ. ಬಾಗಿಲ ಮೇಲೆ ಬೊಂಬೆ ಬರ್ದವ್ರಲ್ಲ, ನೋಡ್ಲಿಲ್ವಾ?

ಬಚ್ಚಪ್ಪ: ನೋಡ್ದೆ. ಗಾಲಿ ಕುರ್ಚಿ ಮ್ಯಾಲೆ ಕೂತವ್ನೆ, ಪಾಪ. ಉಷಾರಾಗಿರು, ಜಾರಿ ಬಿದ್ರೆ ಇಂಗಾಯ್ತೀಯ ಅಂತ. ಕರೆಂಟ್ ಕಂಬದ ಮ್ಯಾಲೆ ತಲೆಬುರುಡೆ ಬರ್ದಿರ್ತಾರಲ್ಲ, ಅಂಗೆ. ಅದಕ್ಕೇ ನಾನು ಎರಡೂ ಕಂಬಿ ಬಿಗಿಯಾಗಿ ಇಡ್ಕೊಂಡೇ ಮ್ಯಾಕೆ ಅತ್ತಿದ್ದು.

ಕುಪ್ಪುಸ್ವಾಮಿ: ಮ್ಯಾಕಾ? ಎಲ್ಲಿಗೆ?

ಬಚ್ಚಪ್ಪ: ಈ ಪಿಂಗಾಣಿ ಮ್ಯಾಕೆ. ಅಷ್ಟು ಬೆಳ್ಳಗೈತೆ ಅಂತ ಚಪ್ಪಲೀನೂ ಆಚೆ ಬಿಟ್ಟೆ.

ಕುಪ್ಪುಸ್ವಾಮಿ ಹಣೆಯನ್ನು ಬಾಗಿಲಿಗೆ ಒರಗಿಸಿದ. ಒಂದು ಗೇಣು ಅಗಲವಿಲ್ಲದ ಅಂಚಿನ ಮೇಲೆ ಬರಿಗಾಲಲ್ಲಿ ಕುಕ್ಕರಿಸಿ, ಎರಡು ಕೈಯಲ್ಲೂ ಕಂಬಿ ಹಿಡಿದ ಬಚ್ಚಪ್ಪ ಕಣ್ಣಿಗೆ ಕಟ್ಟಿದ. ನಗು ಉಕ್ಕಿ ಬಂತು. ಈ ಹೊತ್ತಿನಲ್ಲಿ ನಕ್ಕರೆ ಮಾನ ಉಳಿಯುವುದಿಲ್ಲವೆಂದು ಹಲ್ಲು ಕಚ್ಚಿ ತಡೆದುಕೊಂಡ.

ಬಚ್ಚಪ್ಪ: ಕಟ್ಟಿದೋರಿಗೆ ಬುದ್ಧಿ ಬ್ಯಾಡವಾ? ಕಾಲಿಲ್ಲದೋರಿಗೆ ಅಂತ ಯೋಳಿ ಇಷ್ಟೆತ್ರ ಕಟ್ಟವ್ರಲ್ಲ. ಎರಡು ಕಾಲಿರೋ ನಂಗೇ ಇಲ್ಲಿ ಜೀವ ಓಗ್ತೈತೆ, ನೀನು ಒಂದರಲ್ಲಿ ಎಂಗಣ್ಣಾ ಅತ್ತೀಯ? ಪಕ್ಕದ್ಕೆ ಓಗು. ನಿನ್ನ ಒಳ್ಳೇದಕ್ಕೇ ಯೋಳ್ತಿರೋದು.

ಕುಪ್ಪುಸ್ವಾಮಿ: ನನ್ನ ಒಳ್ಳೇದು ನಾನು ನೋಡ್ಕೊಂತೀನಿ. ನೀನು ಇಳಿ.

ಬಚ್ಚಪ್ಪ: ಅದೇ ಆಯ್ತಿಲ್ಲ. ಕಾಲು ತೆಗೆದ್ರೆ ಜಾರ್ತೈತೆ. ಅರ್ಧ ಗಂಟೆಯಿಂದ ಇಂಗೇ ಇದೀನಿ. ತಿರುಪತಿ ಬೆಟ್ಟ ನಡ್ಕೊಂಡು ಅತ್ತಿ ಇಳಿದಿರೋನು ಕಣಣ್ಣಾ ನಾನು.

ಕುಪ್ಪುಸ್ವಾಮಿ: ಸೊಣ್ಣಪ್ಪಣ್ಣಾ, ಬಾಗಿಲು ಒಡೆಯೋಣ.

ಸೊಣ್ಣಪ್ಪ: ಬಾಗಿಲು ಒಡೆದ್ರೆ ನನ್ನ ಕೆಲಸ ಓಗ್ತದೆ. ಇನ್ನೊಂದು ಸೊಲ್ಪ ತಡ್ಕೋ.

ಕುಪ್ಪುಸ್ವಾಮಿ: ತಡ್ಕೊಳ್ಳೋ ಮಾತು ನಂಗೆ ಯೋಳ್ಬ್ಯಾಡ, ಈ ಹೊಟ್ಟೆಗೆ ಯೋಳು.

ಹೊಟ್ಟೆ ಗುಡುಗಿತು. ಸೊಣ್ಣಪ್ಪ ಸ್ಟೂಲನ್ನು ಇನ್ನೊಂದು ಮಾರು ಎಳೆದುಕೊಂಡ. ಕೋಪದಿಂದ ಆಗುವ ಕೆಲಸವಲ್ಲ ಇದು ಎಂದು ಕುಪ್ಪುಸ್ವಾಮಿಗೆ ಅರ್ಥವಾಯಿತು. ಹೊಸಬರಿಗೆ ಮಿಷನ್ನು ತುಳಿಯುವುದನ್ನು ಕಲಿಸುವಾಗಿನ ದನಿ ತೆಗೆದ.

ಕುಪ್ಪುಸ್ವಾಮಿ: ಬಚ್ಚಪ್ಪಾ, ಕಂಬಿ ಬಿಡಬ್ಯಾಡ. ಬಲಗಾಲು ಮೆಲ್ಲಗೆ ಕೆಳಕ್ಕೆ ಬಿಡು. ನೆಲ ಸಿಕ್ತಾ?

ಬಚ್ಚಪ್ಪ: ಇಲ್ಲ... ಸಿಕ್ತು.

ಕುಪ್ಪುಸ್ವಾಮಿ: ಇವಾಗ ಎಡಗಾಲು.

ಬಚ್ಚಪ್ಪ: ಅಣ್ಣಾ, ಜೋಮು ಇಡ್ದೈತೆ. ಎರಡೂ ಕಾಲು ನಂದಲ್ಲ ಅನ್ನಂಗಾಗೈತೆ. ಬಿದ್ಬುಡ್ತೀನಿ.

ಬಿದ್ದರೆ ಇವನು ಬಾಗಿಲಿಗೆ ಅಡ್ಡವಾಗಿ ಬೀಳುತ್ತಾನೆ, ಆಮೇಲೆ ಆ ದೇವರೇ ಬಂದರೂ ಬಾಗಿಲು ತೆಗೆಯುವುದಿಲ್ಲ. ಕುಪ್ಪುಸ್ವಾಮಿಗೆ ಬೆವರು ಕಿತ್ತುಕೊಂಡಿತು. ಅದರ ನಡುವೆಯೂ ಅಯ್ಯೋ ಪಾಪ ಅನ್ನಿಸಿತು. ಕಾಲು ಕೈಕೊಟ್ಟಾಗಿನ ದಿಗಿಲು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಕುಪ್ಪುಸ್ವಾಮಿ: ನಿಲ್ಲಬ್ಯಾಡ. ಅಂಗೇ ಹಿಂದಕ್ಕೆ ಕೂತ್ಕೋ.

ಬಚ್ಚಪ್ಪ: ಎಲ್ಲಿ ಕೂತ್ಕೊಳ್ಳೋದು?

ಕುಪ್ಪುಸ್ವಾಮಿ: ಅದ್ರ ಮೇಲೇ. ಕುರ್ಚೀಲಿ ಕೂತಂಗೆ. ಕಾಲು ನೆಲದ ಮೇಲಿರ್ಲಿ, ಕೈ ಕಂಬಿ ಮೇಲಿರ್ಲಿ. ಅದನ್ನ ಕಟ್ಟಿರೋದೇ ಕೂರೋಕಪ್ಪಾ, ಅತ್ತೋಕಲ್ಲ. ಒಂದು ನಿಮಿಷ ಕೂತು, ಜೋಮು ಬಿಟ್ಟ ಮ್ಯಾಲೆ ಎದ್ದು ಬಾ.

ಒಳಗೆ ಏನೋ ಕಿರ್ ಅಂದಿತು. ಕುಪ್ಪುಸ್ವಾಮಿ ಕಣ್ಣು ಮುಚ್ಚಿ, ಊರುಗೋಲನ್ನು ಅವುಚಿಕೊಂಡು, ಒಂದರಿಂದ ಎಣಿಸತೊಡಗಿದ. ನಲವತ್ತಕ್ಕೆ ಬಂದಾಗ ಒಳಗಿನಿಂದ ದೊಡ್ಡದೊಂದು ನಿಟ್ಟುಸಿರು ಕೇಳಿಸಿತು.

ಬಚ್ಚಪ್ಪ: ಅಣ್ಣಾ.

ಕುಪ್ಪುಸ್ವಾಮಿ: ಜೋಮು ಬಿಡ್ತಾ?

ಬಚ್ಚಪ್ಪ: ಬಿಡ್ತು. ನಿನ್ನ ಹೊಟ್ಟೆ ತಣ್ಣಗಿರ್ಲಿ.

ಕುಪ್ಪುಸ್ವಾಮಿ: ಅದು ತಣ್ಣಗಿರ್ಬೇಕು ಅಂದ್ರೆ ಬೇಗ ಬಾ ಆಚೆಗೆ.

ಬಚ್ಚಪ್ಪ: ಅದನ್ನೇ ಯೋಳೋಣ ಅಂತಿದ್ದೆ. ಅರ್ಧ ಗಂಟೆ ಭಯಕ್ಕೆ ಏನೂ ಆಗಿರ್ಲಿಲ್ಲ ಕಣಣ್ಣಾ. ನೀನು ಕೂರ್ಸಿದ್ಯಲ್ಲ, ಇವಾಗ ಸುರುವಾಯ್ತು.