ಹವಾ ಕಲಮು ತೆರೆದ ಕಣ್ಣು

ಉಗುಳುವ ಚಟವಿರುವ ಉಪಕರಣವನ್ನು ನಂಬಿ ಹೊಟ್ಟೆ ಹೊರೆಯುವವನಿಗೆ ಪ್ರಸಂಗಗಳ ಬರವಿಲ್ಲ. ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ಕಾಲೇಜು ಮುಗಿಸಿ, ನೌಕರಿ ಸಿಗದೆ, ಶಹಾಬಾದಿನಲ್ಲಿದ್ದ ಸೋದರಮಾವನ ಫೋಟೊ ಅಂಗಡಿ ಸೇರಿದೆ. ಅಲ್ಲಿ ದಿನಕ್ಕೊಂದು ಎಡವಟ್ಟು. ಈಗಲೂ ನೆನೆದು ಒಬ್ಬನೇ ಕೂತು ನಗುತ್ತೇನೆ. ಮನೆಯವರು ಬಂದು ಹಣೆ ಮುಟ್ಟಿ ನೋಡುತ್ತಾರೆ.

ಅಲುಗಾಡದ ಗಿರಾಕಿ

ನಮ್ಮ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಸತ್ತವರು. ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕುತ್ತಾರಲ್ಲ, ಬಹಳ ಜನರಿಗೆ ಜೀವನದ ಮೊದಲ ಫೋಟೊ ಆಗಲೇ. ಆಮೇಲೆ ಮನೆಯವರು ಬಂದು, "ಕಣ್ಣ ತೆರದು ಕೊಡ್ರಿ" ಅನ್ನುವರು. ಮುಚ್ಚಿದ ರೆಪ್ಪೆಯ ಮೇಲೆ ಕುಂಚದಿಂದ ಕಣ್ಣು ಬರೆದರೆ ಗೊಂಬೆಗಣ್ಣಾಗುತ್ತದೆ. ಅದಕ್ಕೇ ಮಾಮಾನ ಹತ್ತಿರ ಏರ್‌ಬ್ರಶ್ ಇತ್ತು. ಊರವರ ಬಾಯಲ್ಲಿ ಅದು ಹವಾ ಕಲಮು. ಮೋಟಾರಿನ ಹಳೇ ಟ್ಯೂಬಿನಿಂದ ಗಾಳಿ. ಒಳಗೊಂದು ಉದ್ದನೆಯ ಸೂಜಿ. ಅದು ಹಿಂದೆ ಸರಿದರೆ ಬಣ್ಣ ಮಂಜಿನಂತೆ ಬೀಳುತ್ತಿತ್ತು.

ಒಂದು ದಿನ ಸೇಡಮ್ಮಿನ ಮುದುಕಿಯೊಬ್ಬಳು ಬಂದಳು. ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ ಒಬ್ಬನೇ ಮಗ ತೀರಿಹೋಗಿದ್ದ. ಅವನದೊಂದೇ ಫೋಟೊ, ಅದೂ ಕಣ್ಣು ಮುಚ್ಚಿ ಕೂತದ್ದು. ಅವಳ ಕಣ್ಣಿಗೂ ಪೊರೆ ಬಂದು ದಿನದಿನಕ್ಕೆ ಕತ್ತಲಾಗುತ್ತಿತ್ತು.

"ಯಪ್ಪಾ, ನನ್ನ ಕಣ್ಣ ಪೂರಾ ಮುಚ್ಚೂದರೊಳಗ ಅವನವು ತೆರೀರಿ."

ಮಾಮಾ ಫೋಟೊ ಕೈಗೆ ತೆಗೆದುಕೊಂಡು, "ಆಗ್ಲಿ ಅವ್ವಾ, ಚಿಂತಿ ಬ್ಯಾಡ," ಎಂದ. ಅವಳು ಹೋದ ಮೇಲೆ ಫೋಟೊ ನೋಡಿ ಮೆಚ್ಚಿಕೊಂಡ: "ಎಷ್ಟ್ ಚಂದ ಕುಂತಾನ ನೋಡೋ. ಜೀವ ಇದ್ದವ್ರು ಹಿಂಗ ಕುಂದ್ರಂಗಿಲ್ಲ."

ಮುಳ್ಳು

ಮರುದಿನ ಕಲಮು ಬಿಚ್ಚಿ, ಸೂಜಿಯನ್ನು ಸ್ಪಿರಿಟ್ಟಿನಲ್ಲಿ ತೊಳೆದು ಕಿಟಕಿಯಲ್ಲಿ ಒಣಗಲು ಇಟ್ಟೆ. ಊಟ ಮುಗಿಸಿ ಬಂದರೆ ಮಾಮಾನ ಹೆಂಡತಿ, ನಮ್ಮ ಅತ್ತಿ, ಅದರಿಂದ ಅಂಗಾಲಿನ ಜಾಲಿಮುಳ್ಳು ತೆಗೆಯುತ್ತಿದ್ದಾಳೆ! ತುದಿ ಕೊಕ್ಕೆಯಾಗಿತ್ತು. ಮಾಮಾ ತಲೆಮೇಲೆ ಕೈ ಹೊತ್ತ.

"ಬೊಂಬಾಯಿ ಸೂಜಿ! ಕೂದಲೆಳಿಯಷ್ಟು ಬಾಗಿದ್ರೂ ಬಣ್ಣ ಉಗುಳ್ತದ. ಆ ಮುದುಕಿಗೆ ಏನ್ ಹೇಳ್ಲಿ?"

ಅತ್ತಿ ಮುಳ್ಳನ್ನು ಬೆಳಕಿಗೆ ಹಿಡಿದಳು. "ಭಾಳ ಛಲೋ ಸೂಜಿ ಬಿಡ್ರಿ. ಬೊಂಬಾಯಿಯಿಂದ ಇನ್ನೊಂದ್ ತರಿಸ್ರಿ, ಮನ್ಯಾಗ ಇರ್ಲಿ."

ಪತ್ತಾರನ ಉಪಕಾರ

ಚಿತ್ತಾಪುರದ ಪತ್ತಾರ ಚಿನ್ನದ ಕೆಲಸದಲ್ಲಿ ಹೆಸರುವಾಸಿ. ಸೂಜಿಯನ್ನು ಅವನಿಗೆ ಕೊಟ್ಟು ಬಂದೆವು. ತಿರುಗಿ ಹೋದಾಗ ತುದಿ ಬಾಣದ ಹಾಗೆ ನೆಟ್ಟಗಿತ್ತು. ಮಾಮಾ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

"ಇನ್ನೊಂದ್ ಕಡಿನೂ ನೋಡ್ರಲ್ಲ," ಎಂದು ಪತ್ತಾರ ನಾಚಿದ.

ನೋಡಿದೆವು. ಹಿಂದಿನ ತುದಿಯನ್ನು ಬಡಿದು ಚಪ್ಪಟೆ ಮಾಡಿ, ಅಂದವಾದ ತೂತು ಕೊರೆದಿದ್ದ. ಇನ್ನು ಅದು ಕಲಮಿನೊಳಗೆ ಹೋಗುವ ಮಾತೇ ಇಲ್ಲ.

"ಯಾವನೋ ತೂತಿಲ್ಲದ ಸೂಜಿ ಕೊಟ್ಟು ನಿಮಗ ಮೋಸ ಮಾಡ್ಯಾನರಿ. ದಾರ ಎಲ್ಲಿ ಪೋಣಸ್ತಿದ್ರಿ, ಪಾಪ!"

ನಾಕಾದ ಮುನ್ಷಿ

ಹೊಸ ಸೂಜಿ ಬೊಂಬಾಯಿಯಿಂದ ವಾಡಿ ಸ್ಟೇಷನ್ನಿನ ಸುಂಕದ ನಾಕಾಕ್ಕೆ ಬಂತು. ಅಷ್ಟರಲ್ಲಿ ಮುದುಕಿ ಎರಡು ಸಲ ಬಂದುಹೋಗಿದ್ದಳು. ಎರಡನೆಯ ಸಲ ಬಾಗಿಲು ಕಾಣದೆ ಗೋಡೆ ತಡವಿದಳು. ಸೂಜಿ ಬಿಡಿಸಿಕೊಳ್ಳಲು ಹೋಗುವಾಗ, ಹೊಂದುತ್ತದೋ ನೋಡಲು ಕಲಮನ್ನೂ ಒಯ್ದಿದ್ದೆವು. ಸುಂಕ ಬರೆಯುವ ಮುನ್ಷಿ ಅದನ್ನೇ ಹಿಡಿದ.

"ಇದು ಏನ್ ಚೀಜು?"

"ಕಲಮು, ಸಾಹೇಬ್ರ. ಗಾಳಿ ಊದತದ."

"ಊದತದ ಅಂದ್ರ ಬಾಜಾ. ಬಾರಿಸಿ ತೋರಸ್ರಿ."

ಮಾಮಾ ತುಟಿಗಿಟ್ಟು ಊದಿದ. 'ಪುಸ್ಸ್' ಅಂತು. ಮುನ್ಷಿಗೆ ಕನಿಕರ ಬಂತು. "ಅಯ್ಯೋ, ಆವಾಜೇ ಹೋಗ್ಯದ!" ಎಂದವನೇ ಹೊಸ ಸೂಜಿಯನ್ನು ಕಲಮಿನ ಬಾಯಿಗೆ ಮುಂದಿನಿಂದ ತುರುಕಿ, ಕಿವಿಯಲ್ಲಿ ಕಡ್ಡಿ ಆಡಿಸಿದ ಹಾಗೆ ಆಡಿಸಿದ. ಸೂಜಿ ಉಳಿಯಿತು, ಕಲಮಿನ ಬಾಯಿ ಸೀಳಿತು.

"ಸಾಫ್ ಮಾಡೀನಿ, ಹೋಗ್ರಿ. ಕೆಟ್ಟ ಬಾಜಾಕ್ಕ ಸುಂಕ ಇಲ್ಲ."

ಸೇಡಮ್ಮಿನ ಅವ್ವ

ಸೀಳಿದ ಬಾಯಿಗೆ ಜೇನುಮೇಣ ಮೆತ್ತಿ ಮಾಮಾ ಕೆಲಸಕ್ಕೆ ಕೂತ. ನಾನು ಟ್ಯೂಬಿಗೆ ಗಾಳಿ ಹೊಡೆದೆ. ಮಂಜು ಇಳಿದಂತೆ ಬಣ್ಣ ಬಿತ್ತು. ಒಂದು ಕಣ್ಣು ತೆರೆಯಿತು, ಇನ್ನೊಂದೂ ತೆರೆಯಿತು. ನಮ್ಮಿಬ್ಬರಿಗೂ ಉಸಿರು ಬಂತು. ಅಷ್ಟರಲ್ಲಿ ಮೇಣ ಕಿತ್ತುಹೋಗಿ, ಕಲಮು ಸೀನಿದ ಹಾಗೆ ಮಾಡಿ, ಹುಡುಗನ ಮುಖದ ತುಂಬ ಬೂದುಬಣ್ಣದ ಚುಕ್ಕೆ ಉಗುಳಿತು. ಒರೆಸುವುದರೊಳಗೆ ಒಣಗಿಯೂ ಹೋಯಿತು.

ಅದೇ ಹೊತ್ತಿಗೆ ಸೇಡಮ್ಮಿನ ಅವ್ವ ಹೊಸ್ತಿಲಲ್ಲಿ. ಪಟವನ್ನು ಬೆಳಕಿಗೆ ಒಯ್ದು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಸೆರಗಿನಿಂದ ಅದರ ಕೆನ್ನೆ ಒರೆಸಿದಳು. ಚುಕ್ಕೆ ಹೋಗಲಿಲ್ಲ. ಮತ್ತೆ ಒರೆಸಿದಳು.

ಮಾಮಾ ಕೈ ಮುಗಿದ. "ತಪ್ಪಾಗ್ಯದ ಅವ್ವಾ. ಬ್ಯಾರೇ ಪ್ರತಿ ತಗದು ಸ್ವಚ್ಛ ಮಾಡಿ ಕೊಡ್ತೀನಿ."

"ಬ್ಯಾಡ ಯಪ್ಪಾ. ಕಲ್ಲಿನ ಧೂಳ ಇದು. ಖಣಿಯಿಂದ ದಿನಾ ಹಿಂಗೇ ಬರ್ತಿದ್ದ. ಸ್ವಚ್ಛ ಮಾಡಿದ್ರ ನನಗ ಗುರ್ತು ಸಿಗಂಗಿಲ್ಲ."

ಅವಳ ಕಣ್ಣಿಂದ ನೀರು ಸುರಿಯಿತು. ಮಾಮಾ ಗೋಡೆಯ ಕಡೆ ತಿರುಗಿ ನಿಂತ. ನಾನು ಟ್ಯೂಬಿನ ಪಂಪು ಒತ್ತುತ್ತಲೇ ಇದ್ದೆ. ಅವಳು ಪಟವನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದಳು. ನಡುಬೀದಿಯಲ್ಲಿ ನಿಂತು, ಅದನ್ನು ಮತ್ತೆ ಮುಖದ ಮುಂದೆ ಹಿಡಿದು, ಓಣಿಗೆಲ್ಲ ಕೇಳುವಂತೆ ಬೈದಳು:

"ಮಾರಿ ತೊಳಕೊಂಡ್ ಒಳಗ ಬಾ ಅಂತ ಬಡಕೊಂಡ್ರೂ ಕೇಳ್ಲಿಲ್ಲ. ಸತ್ತ ಮ್ಯಾಲರ ನಾಲ್ಕ್ ಮಂದ್ಯಾಗ ಮಾನ ಉಳಸಬಾರದೇನೋ, ಖೋಡಿ!"