ಹೊಟ್ಟೆನೋವಿನ ದಿನ ತೆಗೆದ ಕೇಪುಳದ ಫೋಟೊ

ಕೇಶವಪ್ರಸಾದ ಮಾಸ್ಟ್ರಿಗೆ ಶನಿವಾರ ಬೆಳಗ್ಗೆ ಹೊಟ್ಟೆನೋವು ಬರಬೇಕೆಂದು ಗುರುವಾರ ಸಂಜೆಯೇ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದ್ದು ಅವರ ಹೆಂಡತಿ ಶ್ರೀರಂಜಿನಿ. ಅಡೂರಿನಲ್ಲಿ ಅವಳ ತಂಗಿಯ ಹೊಸ ಮನೆಯ ಒಕ್ಕಲು, ಎಂದರೆ ಗೃಹಪ್ರವೇಶ, ಶನಿವಾರ. ಮಾಸ್ಟ್ರು ಕಲಿಸುವ ಬದಿಯಡ್ಕ ಹತ್ತಿರದ ಯು.ಪಿ. ಶಾಲೆಯಲ್ಲಿ ಅಧ್ಯಾಪಕರ ತರಬೇತಿಯೂ ಅದೇ ಶನಿವಾರ.

"ಲೀವ್ ಕೇಳಿ ನೋಡಿ," ಎಂದಳು ಶ್ರೀರಂಜಿನಿ.

"ಕೇಳಿ ಪ್ರಯೋಜನ ಇಲ್ಲ ಮಾರಾಯ್ತಿ. ಮದುವೆ, ಉಪನಯನ, ಒಕ್ಕಲು, ಎಂತದ್ದಕ್ಕೂ ಲೀವಿಲ್ಲ, ಹಾಸಿಗೆ ಹಿಡಿದವರಿಗೆ ಮಾತ್ರ ಅಂತ ಮೋಹಿನಿ ಟೀಚರ್ ಮೊನ್ನೆಯೇ ಹೇಳಿ ಆಗಿದೆ."

"ಹಾಗಾದ್ರೆ ಹಾಸಿಗೆ ಹಿಡೀರಿ."

ಮಾಸ್ಟ್ರು ಹಿಂದೆ ಮುಂದೆ ನೋಡಿದ್ದಕ್ಕೆ ಕಾರಣವಿತ್ತು. ಮುಖ್ಯೋಪಾಧ್ಯಾಯಿನಿ ಮೋಹಿನಿ ಟೀಚರಿಗೆ ಮೇ ತಿಂಗಳಲ್ಲಿ ನಿವೃತ್ತಿ. ಆ ಕುರ್ಚಿಗೆ ಮೊದಲ ಹಕ್ಕು ಕೇಶವಪ್ರಸಾದ ಮಾಸ್ಟ್ರದ್ದು. ಎರಡನೆಯದು, ಬರೀ ಹನ್ನೊಂದು ದಿನ ತಡವಾಗಿ ಕೆಲಸಕ್ಕೆ ಸೇರಿದ ಗೌರೀಶಂಕರ ಮಾಸ್ಟ್ರದ್ದು. ಆದೇಶಕ್ಕೆ ಸಹಿ ಹಾಕಬೇಕಾದವರು ಶಾಲೆಯ ಮೆನೇಜರರು. ಈ ನಡುವೆ ಮೋಹಿನಿ ಟೀಚರ್ ಒಂದು ಮೆಮೊ ಬರೆದರೆ ಸಾಕು, ಆ ಹನ್ನೊಂದು ದಿನಕ್ಕೆ ಮೂರು ಕಾಸಿನ ಬೆಲೆ ಇರುವುದಿಲ್ಲ. ಮಾಸ್ಟ್ರಿಗಿದ್ದ ಕುರ್ಚಿಯ ಆಸೆ ಸಣ್ಣದೇನೂ ಆಗಿರಲಿಲ್ಲ. ಯಾರೂ ಇಲ್ಲದ ಹೊತ್ತಿನಲ್ಲಿ ಎರಡು ಸಲ ಅದರಲ್ಲಿ ಕುಳಿತೂ ನೋಡಿದ್ದರು.

ಆದರೂ ಶನಿವಾರ ಬೆಳಗ್ಗೆ ಆರೂವರೆಗೆ ಅವರ ಹೊಟ್ಟೆನೋವಿನ ಮೆಸೇಜು ಹೋಯಿತು, ಎಂಟು ಗಂಟೆಗೆ ಅವರೂ ಅಡೂರಿಗೆ ಹೋದರು.

ಅಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಮುಗಿಯದಂತೆ ಮಾಡಿದ್ದು 'ಹಸಿರು ಪದ'. ಅದು ಶಾಲೆಯ ಅಧ್ಯಾಪಕರ ವಾಟ್ಸಾಪ್ ಗ್ರೂಪು. ವಿಜ್ಞಾನ ಪಾಠಪುಸ್ತಕದ ಕನ್ನಡ ಶಬ್ದಗಳು ಮಕ್ಕಳಿಗಿಂತ ಮೊದಲು ಅಧ್ಯಾಪಕರ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತಿದ್ದುದನ್ನು ಕಂಡು ಮೋಹಿನಿ ಟೀಚರ್ ಇದನ್ನು ಶುರುಮಾಡಿದ್ದರು. ಪ್ರತಿಯೊಬ್ಬರೂ ದಿನಾ ಹನ್ನೆರಡು ಗಂಟೆಯೊಳಗೆ ಒಂದು ಗಿಡದ ಫೋಟೊ ಹಾಕಬೇಕು. ಸಂಜೆ ಏಳಕ್ಕೆ ಟೀಚರ್ ಅದರಲ್ಲೊಂದನ್ನು ಆರಿಸಿ, ಎಲ್ಲಾದರೂ ಒಂದು ಕಡೆ ಕೆಂಪು ವೃತ್ತ ಎಳೆದು, ಎಲ್ಲರೆದುರು ಅದರ ಹೆಸರು ಕೇಳುತ್ತಾರೆ. ಎಲೆಯ ತೊಟ್ಟು ಎಂದರೆ ಸಾಲದು, ಪರ್ಣವೃಂತ ಎನ್ನಬೇಕು. ಗಣಿತದ ಕೇಶವಪ್ರಸಾದ ಮಾಸ್ಟ್ರು ಇದರಲ್ಲಿ ಬಹಳ ಕಷ್ಟಪಟ್ಟಿದ್ದರು. ಹಲಸಿನಹಣ್ಣೆಂದರೆ ಒಂದು ಹಣ್ಣಲ್ಲ, ನೂರಾರು ಹೂಗಳು ಕೂಡಿ ಆದದ್ದು ಎಂದು ತಿಳಿದ ದಿನ, ತಾನು ಐವತ್ತು ವರ್ಷ ತಿಂದದ್ದು ಎಂತ ಎಂಬ ಸಂಶಯ ಅವರನ್ನು ಹಿಡಿದಿತ್ತು. ಆದರೆ ಎಂಬತ್ತನಾಲ್ಕು ದಿನದಲ್ಲಿ ಒಂದು ದಿನವೂ ಫೋಟೊ ತಪ್ಪಿಸಿರಲಿಲ್ಲ.

ಕಾಯಿಲೆ ಬಿದ್ದವರಿಗೆ ವಿನಾಯಿತಿ ಉಂಟು. ಆದರೆ ಮಾಸ್ಟ್ರಿಗೆ ಅನಿಸಿದ್ದೇ ಬೇರೆ. ನರಳುತ್ತಲೂ ಗಿಡವನ್ನು ಮರೆಯದ ಮನುಷ್ಯ ಎಂದು ಹೆಸರಾದರೆ ಕುರ್ಚಿಗೆ ಒಳ್ಳೆಯದಲ್ಲವೇ? ಅಡೂರಿನ ಮನೆಯಂಗಳದಲ್ಲಿ ಕೇಪುಳ ಕೆಂಪಗೆ ಹೂಬಿಟ್ಟು ನಿಂತಿತ್ತು. ಕೇಪುಳ ಇಲ್ಲದ ಮನೆ ಈ ಸೀಮೆಯಲ್ಲಿಲ್ಲ, ಅವರ ಮನೆಯಲ್ಲೂ ಉಂಟು. ಯಾವ ಅಂಗಳದ್ದೆಂದು ಯಾರಿಗೆ ಗೊತ್ತಾಗಬೇಕು! ಹನ್ನೊಂದೂವರೆಗೆ ಫೋಟೊ ಹೊಡೆದು ಹಾಕಿದರು. ಕೆಳಗೆ, "ನೋವಿನ ನಡುವೆಯೂ, ನಮ್ಮ ಅಂಗಳದಿಂದ" ಎಂದು ಬರೆದರು.

ಊಟದ ಎಲೆಯ ಮುಂದೆ ಕುಳಿತದ್ದೇ ತಡ, ಮೊಬೈಲು ಗುಂಯ್‌ಗುಟ್ಟತೊಡಗಿತು.

"ಮಾಸ್ಟ್ರೇ, ಇವತ್ತು ಗಂಜಿತಿಳಿ ಮಾತ್ರ ಕುಡೀರಿ," ಎಂದು ಬರೆದಿದ್ದರು ವಿಜ್ಞಾನದ ಸೌಮ್ಯಶ್ರೀ ಟೀಚರ್. ಓದುತ್ತಿದ್ದಂತೆ ಎಲೆಗೆ ಹೋಳಿಗೆ ಬಿತ್ತು.

"ದಾಳಿಂಬೆ ಸಿಪ್ಪೆ ಮಜ್ಜಿಗೆಯಲ್ಲಿ ಅರೆದು ತಗೊಳ್ಳಿ. ಸಂಜೆ ನಾನೇ ಬಂದು ನೋಡ್ತೇನೆ," ಎಂದಿದ್ದರು ಗೌರೀಶಂಕರ ಮಾಸ್ಟ್ರು.

"ಇನ್ನೆರಡು ಹೋಳಿಗೆ ಹಾಕಿಸಿಕೊಳ್ಳಿ ಭಾವ," ಎಂದ ಮನೆಯ ಯಜಮಾನ, ಶ್ರೀರಂಜಿನಿಯ ತಂಗಿಯ ಗಂಡ ಮಹಾಬಲ. ಮಾಸ್ಟ್ರು ಹಾಕಿಸಿಕೊಂಡರು.

ಕೈತೊಳೆದು ಬಂದಾಗ ಶ್ರೀರಂಜಿನಿ ಅವರ ಮೊಬೈಲು ಹಿಡಿದು ನಿಂತಿದ್ದಳು. ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ, "ಇದೆಂತ ಮಾರಾಯ್ರೇ!" ಎಂದಳು.

ಮಾಸ್ಟ್ರು ನೋಡಿದರು. ಕೇಪುಳದ ಹಿಂದೆ, ಎಡಗಡೆಯ ಮೂಲೆಯಲ್ಲಿ, ಪಾಯಸದ ಬಾಲ್ದಿ ಹಿಡಿದ ಮಹಾಬಲ ನಗುತ್ತಿದ್ದ. ಅವನ ತಲೆಯ ಮೇಲೆ ಚಪ್ಪರಕ್ಕೆ ಕಟ್ಟಿದ ಬ್ಯಾನರಿನಲ್ಲಿ 'ಗೃಹಪ್ರ' ಎನ್ನುವಷ್ಟು ಓದಲು ಬರುತ್ತಿತ್ತು.

ಅಳಿಸೋಣವೆಂದರೆ ಹದಿನಾಲ್ಕು ಮಂದಿ ನೋಡಿ ಆಗಿತ್ತು. ಅಳಿಸಿದರೆ ಅಳಿಸಿದ ಗುರುತು ಉಳಿಯುತ್ತದೆ. ಯಾಕೆ ಅಳಿಸಿದಿರಿ ಎಂದು ಗೌರೀಶಂಕರ ಮಾಸ್ಟ್ರು ಕೇಳದೆ ಬಿಡುವವರಲ್ಲ. ಇಷ್ಟು ಸಣ್ಣಗೆ ಕಾಣುವುದನ್ನು ಯಾರು ನೋಡುತ್ತಾರೆ ಎಂದು ಮಾಸ್ಟ್ರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆ ಸಮಾಧಾನ ಒಂದೂವರೆ ಗಂಟೆಯವರೆಗೆ ಬಾಳಿತು.

ಒಂದೂವರೆಗೆ ಮೋಹಿನಿ ಟೀಚರ್ ಮೆಸೇಜು ಕಳಿಸಿದರು. ಗ್ರೂಪಿಗಲ್ಲ, ನೇರವಾಗಿ ಅವರೊಬ್ಬರಿಗೇ. ಒಂದು ಫೋಟೊ, ಅದರಡಿಯಲ್ಲಿ: "ಮಾಸ್ಟ್ರೇ, ವೃತ್ತ ಹಾಕಿದಲ್ಲಿ ಕಾಣುವುದು ಎಂತ? ಕೂಡಲೇ ತಿಳಿಸಿ. ಮೆನೇಜರರೂ ಇಲ್ಲೇ ಇದ್ದಾರೆ, ನೋಡಿದ್ದಾರೆ."

ಮಾಸ್ಟ್ರ ಹೊಟ್ಟೆಯಲ್ಲಿ ಆಗ ನಿಜವಾಗಿಯೂ ನೋವು ಶುರುವಾಯಿತು.

ಫೋಟೊ ತೆರೆದುಕೊಳ್ಳಲಿಲ್ಲ. ಒಕ್ಕಲಿಗೆ ಬಂದ ಮುನ್ನೂರು ಮಂದಿ ಊಟ ಮುಗಿಸಿ ಒಟ್ಟಿಗೆ ಮೊಬೈಲು ಕೈಗೆತ್ತಿಕೊಂಡ ಹೊತ್ತು ಅದು, ನೆಟ್‌ವರ್ಕ್ ಕುಂಟುತ್ತಿತ್ತು. ಪರದೆಯ ಮೇಲೆ ಇದ್ದದ್ದು ಮಸುಕು ಮಸುಕಾದ ಕೆಂಪು. ಕೆಂಪು ಹೂಗಳ ನಡುವೆ ಕೆಂಪು ವೃತ್ತ ಎಲ್ಲಿ ಉಂಟೆಂದು ಹೇಳುವುದು ಹೇಗೆ? ಆದರೂ ಮಾಸ್ಟ್ರಿಗೆ ಅದು ಸ್ಪಷ್ಟವಾಗಿ ಕಾಣಿಸಿತು, ಎಡಗಡೆಯ ಮೂಲೆಯಲ್ಲಿ, ಬಾಲ್ದಿಯ ಸುತ್ತ. ಮಾಳಿಗೆ ಹತ್ತಿದರು. ಹಸಿ ಬಣ್ಣದ ಗೋಡೆಗೆ ಬೆನ್ನು ಆನಿಸಿ ನಿಂತರು. ಅಂಗಿಗೆ ನೀಲಿ ಹತ್ತಿತೇ ಹೊರತು ಫೋಟೊ ತೆರೆಯಲಿಲ್ಲ.

ಹಿಂದೆಯೇ ಹತ್ತಿ ಬಂದ ಶ್ರೀರಂಜಿನಿ ಹೇಳಿದಳು: "ಸತ್ಯ ಹೇಳಿಬಿಡಿ. ತಾವಾಗಿ ಒಪ್ಪಿಕೊಂಡವರನ್ನು ಟೀಚರ್ ಕ್ಷಮಿಸ್ತಾರೆ."

"ನಿನ್ನ ಮಾತು ಕೇಳಿಯೇ ಇಷ್ಟೆಲ್ಲ ಆದದ್ದು!"

ಅಷ್ಟರಲ್ಲಿ ಬೀಡಾ ತಟ್ಟೆ ಹಿಡಿದು ಮಹಾಬಲನೂ ಬಂದ. ವಿಷಯ ಕೇಳಿದವನು ತಲೆಯಾಡಿಸಿದ. "ಹೇಳುವುದಾದ್ರೆ ಎಲ್ಲ ಹೇಳಿ ಭಾವ. ಅರ್ಧ ಹೇಳಿ ಅರ್ಧ ಬಿಟ್ಟರೆ ಮತ್ತೊಂದು ದಿನ ಸಿಕ್ಕಿಬೀಳ್ತೀರಿ. ಒಮ್ಮೆಗೇ ಹಗುರ ಆಗಿಬಿಡಿ."

ಮಾಸ್ಟ್ರು ಹಗುರವಾದರು. ಟೈಪು ಮಾಡಲು ಇಪ್ಪತ್ತು ನಿಮಿಷ ಹಿಡಿಯಿತು. ತನಗೆ ಹೊಟ್ಟೆನೋವಿಲ್ಲ, ಇದು ಅಡೂರಿನ ಒಕ್ಕಲು, ಹಿಂದೆ ಕಾಣುವುದು ಪಾಯಸ ಎಂದು ಬರೆದರು. ಹೋದ ವರ್ಷದ ಜ್ವರ ಜ್ವರವಲ್ಲ, ಕುಂಬಳೆಯಲ್ಲಿ ನಡೆದ ತಾಳಮದ್ದಳೆ ಎಂದು ಬರೆದರು. ನವೆಂಬರಿನ ಹಲ್ಲುನೋವಿನ ದಿನ ಗೋಕರ್ಣಕ್ಕೆ ಹೋದದ್ದನ್ನೂ ಸೇರಿಸಿದರು. ಎಂಬತ್ತನಾಲ್ಕು ಫೋಟೊಗಳಲ್ಲಿ ಮೂವತ್ತರಷ್ಟು ಗೌರೀಶಂಕರ ಮಾಸ್ಟ್ರ ಬೇಲಿ ದಾಟಿ ತೆಗೆದವು ಎಂದರು. ಕೊನೆಗೆ ಕಣ್ಣು ಮಂಜಾಗಿ, ತಾವು ಇಲ್ಲದ ಹೊತ್ತಿನಲ್ಲಿ ತಮ್ಮ ಕುರ್ಚಿಯಲ್ಲಿ ಎರಡು ಸಲ ಕುಳಿತಿದ್ದೇನೆ, ದಯವಿಟ್ಟು ಮನ್ನಿಸಬೇಕು ಎಂದು ಮುಗಿಸಿದರು.

ಈ ಬರಹಕ್ಕೆ ಮಾತ್ರ ನೆಟ್‌ವರ್ಕ್ ಅಡ್ಡಿಮಾಡಲಿಲ್ಲ. ಒಂದೇ ಏಟಿಗೆ ಹೋಯಿತು, ಕೂಡಲೇ ಎರಡು ನೀಲಿ ಗೀಟು ಬಂತು.

ಮತ್ತೆ ಐದು ನಿಮಿಷಕ್ಕೆ ಫೋಟೊ ತೆರೆಯಿತು. ಮಹಾಬಲನೂ ಇಲ್ಲ, ಬಾಲ್ದಿಯೂ ಇಲ್ಲ. ಟೀಚರ್ ಆ ಮೂಲೆಯನ್ನೆಲ್ಲ ಕತ್ತರಿಸಿ ಬಿಸಾಡಿ ಬರೀ ಹೂ ತುಂಬಿದ ಒಂದು ಗೆಲ್ಲನ್ನು ಉಳಿಸಿದ್ದರು. ಎದುರುಬದುರಾಗಿರುವ ಎರಡು ಎಲೆಗಳ ಬುಡದ ನಡುವೆ, ಅಕ್ಕಿಕಾಳಿನ ತುದಿಯಷ್ಟು ಚೂಪಾದ ಏನೋ ಒಂದಕ್ಕೆ ವೃತ್ತ ಹಾಕಿದ್ದರು. ಅದರ ಬೆನ್ನಿಗೇ, ಒಂದು ಮೂವತ್ತೆರಡಕ್ಕೆ ಕಳಿಸಿ ನೆಟ್‌ವರ್ಕಿನಲ್ಲಿ ಸಿಕ್ಕಿಬಿದ್ದಿದ್ದ ಅವರ ಎರಡನೆಯ ಮೆಸೇಜು ಬಂದು ಇಳಿಯಿತು:

"ಮೆನೇಜರರು ಇವತ್ತು ನಮ್ಮ ಗ್ರೂಪಿಗೆ ಸೇರಿದ್ದಾರೆ. ನಿಮ್ಮ ಫೋಟೊ ಭಾರಿ ಹಿಡಿಸಿದೆ. ಹುಷಾರಿಲ್ಲದಿದ್ದರೂ ಎಂತಹ ಶ್ರದ್ಧೆ ಎಂದರು. ಏಳು ಗಂಟೆಗೆ ನಿಮ್ಮನ್ನೇ ಕೇಳಿಸುತ್ತಾರಂತೆ. ಆಗ ತಡವರಿಸಬಾರದಲ್ಲ, ಅದಕ್ಕೇ ಪ್ರಶ್ನೆ ಮೊದಲೇ ಕಳಿಸಿದೆ. ಆದೇಶ ಇವತ್ತೇ ಬರೆಸುವ ಅಂದಾಜು ಉಂಟು."

ಮಾಸ್ಟ್ರು ಮಾಳಿಗೆಯ ಮೇಲೆ ಹಾಗೆಯೇ ಕುಳಿತುಬಿಟ್ಟರು. ತನ್ನನ್ನು ಹಿಡಿಯಲು ಯಾರೂ ಬಂದಿರಲಿಲ್ಲ, ಎತ್ತಲು ಬಂದಿದ್ದರು ಎಂದು ತಿಳಿದಾಗ ಅವರಿಗೆ ಅಳುವೇ ಬಂತು.

ಟೀಚರಿಂದ ಆಮೇಲೆ ಒಂದಕ್ಷರವೂ ಇಲ್ಲ. ಮಾಸ್ಟ್ರು ಮನೆ ಮುಟ್ಟಿ, ನಿಜವಾದ ಹೊಟ್ಟೆನೋವಿನೊಂದಿಗೆ ಮಲಗಿದರು. ಹೇಳಿದಂತೆ ಬಂದ ಗೌರೀಶಂಕರ ಮಾಸ್ಟ್ರು ಮಂಚದ ಪಕ್ಕ ಕುಳಿತು, "ಪಾಪ, ಮುಖವೇ ಬಾಡಿದೆ," ಎಂದು ಮರುಗಿದರು. ಏಳು ಗಂಟೆಗೆ ಇಬ್ಬರ ಮೊಬೈಲೂ ಒಟ್ಟಿಗೆ ಸದ್ದುಮಾಡಿದವು.

ಮೋಹಿನಿ ಟೀಚರ್: "ಇವತ್ತಿನ ಉತ್ತರ: ಉಪಪರ್ಣ. ಕೇಶವಪ್ರಸಾದ ಮಾಸ್ಟ್ರಲ್ಲಿ ಮಧ್ಯಾಹ್ನವೇ ಕೇಳಿದ್ದೆ. ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದಾರೆ."

ಮೆನೇಜರರು: "ನೋವಿನಲ್ಲೂ ಅಷ್ಟೆಲ್ಲ ಹೇಳಿದರಾ? ಬಹಳ ಸಂತೋಷ. ಅದನ್ನೂ ಇಲ್ಲಿ ಹಾಕಿ ಟೀಚರ್. ಎಲ್ಲರೂ ಒಟ್ಟಿಗೆ ಕಲಿಯುವ."

"ಹೌದು ಟೀಚರ್, ಹಾಕಿ," ಎಂದು ಗೌರೀಶಂಕರ ಮಾಸ್ಟ್ರು ಮಂಚದ ಪಕ್ಕದಿಂದಲೇ ಒತ್ತಿದರು.

ಅರ್ಧ ನಿಮಿಷದಲ್ಲಿ ಗ್ರೂಪಿಗೆ ಉದ್ದದ ಮೆಸೇಜೊಂದು ಬಂದು ಬಿತ್ತು. ಗೌರೀಶಂಕರ ಮಾಸ್ಟ್ರು ಕನ್ನಡಕ ಏರಿಸಿಕೊಂಡು ಓದತೊಡಗಿದರು. ಕೇಶವಪ್ರಸಾದ ಮಾಸ್ಟ್ರು ಓದಲಿಲ್ಲ. ಅವರಿಗೆ ಅದು ಬಾಯಿಪಾಠ ಬರುತ್ತಿತ್ತು.