ಇಲ್ಲದ ಮೆಣಸಿಗೆ ತೇವದ ತಕರಾರು

ಮೆಣಸಿನ ತೋಟಗಳ ನಡುವಿನ ಪುಲ್ಪಳ್ಳಿಯಲ್ಲಿ ಕೂತು ಬ್ಲಾಕ್‌ಚೈನ್ ಕೆಲಸ ಮಾಡುತ್ತೇನೆ ಎಂದರೆ ಅರ್ಧ ಜನ ನಗುತ್ತಾರೆ. ಉಳಿದ ಅರ್ಧ ಜನ ನನ್ನನ್ನು ನಗಿಸುತ್ತಾರೆ.

ಬೆಳೆಗಾರರ ಸಂಘಕ್ಕೆ ನಾನೊಂದು ಸ್ಮಾರ್ಟ್ ಕಾಂಟ್ರಾಕ್ಟ್ ಬರೆದಿದ್ದೆ. ಮಹಾ ಏನಲ್ಲ, ಕಂಪ್ಯೂಟರಿನೊಳಗಿನ ಕರಾರು. ವ್ಯಾಪಾರಿ ಮೊದಲೇ ದುಡ್ಡು ಕಟ್ಟಿಡಬೇಕು. ತೂಕ ಸರಿಯಿದ್ದು ಇಬ್ಬರೂ ಒಪ್ಪಿಗೆ ಒತ್ತಿದರೆ ಅದು ತಾನಾಗಿ ಬೆಳೆಗಾರರಿಗೆ ಸೇರುತ್ತದೆ. ಮೊದಲು ಟೆಸ್ಟ್ ನೆಟ್‌ವರ್ಕಿನಲ್ಲಿ, ಸುಳ್ಳು ನಾಣ್ಯದಲ್ಲಿ ತಾಲೀಮು. ಅದು ಸರಿಹೋದರೆ ಸಂಘದಲ್ಲಿ ನನ್ನ ಕೆಲಸ ಕಾಯಂ. ಇಲ್ಲದಿದ್ದರೆ ಮತ್ತೆ ಅರ್ಜಿ ಹಾಕುವ ಪಾಡು.

೧. ಪುಕ್ಕಟೆ ನಾಣ್ಯ

ಟೆಸ್ಟ್ ನಾಣ್ಯವನ್ನು ಒಂದು ವೆಬ್‌ಸೈಟ್ ಪುಕ್ಕಟೆ ಕೊಡುತ್ತದೆ, ದಿನಕ್ಕೊಂದೇ ಸಲ. ಒಮ್ಮೆ ಬೆಳಿಗ್ಗೆಯೇ ಎಲ್ಲ ಖಾಲಿಯಾಗಿ ತಲೆಮೇಲೆ ಕೈಹೊತ್ತು ಕೂತಿದ್ದೆ. ಅತ್ತೆ ಏನಾಯಿತೆಂದು ಕೇಳಿದರು.

"ನಾಣ್ಯ ಮುಗೀತು ಅತ್ತೆ. ನಾಳೆವರೆಗೆ ಕಾಯಬೇಕು."

"ಅದರಲ್ಲಿ ಏನು ಸಿಗ್ತದೆ?"

"ಏನೂ ಸಿಗೋದಿಲ್ಲ."

"ಏನೂ ಸಿಗದ ದುಡ್ಡಿಗೂ ರೇಷನ್ ಉಂಟಾ!"

೨. ಎರಡು ದಿನ ಹುಡುಕಿದ ತಪ್ಪು

ಸಂಘದ ಗೋದಾಮಿನಿಂದ ಕೇಣಿಚಿರದ ವ್ಯಾಪಾರಿಯ ಅಂಗಡಿಗೆ ನಿಜವಾದ ಮೆಣಸನ್ನೇ ಒಂದು ಚೀಲ ಕಳಿಸಿ ನೋಡಿದೆವು. ಹೊರಟಾಗ ಐವತ್ತು ಕಿಲೋ, ತಲುಪಿದಾಗ ಕಡಿಮೆ. ಕರಾರು ಮುಂದಕ್ಕೆ ಹೋಗಲಿಲ್ಲ. ಎರಡು ದಿನ ಕೋಡ್ ಜಾಲಾಡಿದೆ. ಮೂರನೇ ದಿನ ಇನ್ನೊಂದು ಚೀಲದ ಜೊತೆ ನಾನೇ ಜೀಪು ಹತ್ತಿದೆ. ದಾರಿಯಲ್ಲಿ ಸಿಕ್ಕವರೆಲ್ಲ ಚೀಲಕ್ಕೆ ಕೈಹಾಕಿ, ಒಂದು ಕಾಳು ಕಚ್ಚಿ, "ಒಳ್ಳೆ ಮಾಲು" ಎಂದು ತಲೆಯಾಡಿಸಿ, ಹಿಡಿಯಲ್ಲಿ ಉಳಿದದ್ದನ್ನು ಜೇಬಿಗಿಳಿಸಿದರು.

ಸಂಘದ ಅಧ್ಯಕ್ಷರಿಗೆ ದೂರು ಹೇಳಿದೆ. ನನ್ನನ್ನು ಮಗಳೆಂದೇ ಕರೆಯುವ ಅವರು ಗಂಭೀರವಾಗಿ ಕೇಳಿಸಿಕೊಂಡು, "ನೋಡದೆ ಹೇಗೆ ಮೋಳೇ ಗೊತ್ತಾಗ್ತದೆ?" ಎನ್ನುತ್ತ ತಮ್ಮ ಜೇಬಿನಿಂದ ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡರು.

೩. ಸಭೆಯ ಮುಂದೆ

ಹಾಗಾಗಿ ಸಂಘದ ಸಭೆಯಲ್ಲಿ ತೋರಿಸುವ ದಿನ ಮೆಣಸನ್ನೇ ಕೈಬಿಟ್ಟೆ. ಐವತ್ತು ಕಿಲೋ ಎಂದು ಟೈಪ್ ಮಾಡಿ, ಒಬ್ಬ ಹಿರಿಯ ಬೆಳೆಗಾರರಿಗೂ ಕೇಣಿಚಿರದ ಅಂಗಡಿಯ ಧಣಿ ಮುದಲಾಳಿಗೂ ಒಂದೊಂದು ಫೋನು ಕೊಟ್ಟೆ. ಮುದಲಾಳಿ ಒಪ್ಪಿಗೆ ಒತ್ತಲಿಲ್ಲ.

"ಮಾಲು ನೋಡದೆ ಹೇಗೆ ಒತ್ತೋದು?"

"ಸುಳ್ಳು ಮೆಣಸು, ಮುದಲಾಳಿ. ಉಂಟು ಅಂದ್ಕೊಳ್ಳಿ."

ಅವರು ಕಣ್ಣುಮುಚ್ಚಿ ಅಂದುಕೊಂಡರು. "ಸ್ವಲ್ಪ ಹಸಿ ಉಂಟು," ಎಂದರು.

ಆ ಹಿರಿಯ ಬೆಳೆಗಾರರು ಎದ್ದೇ ನಿಂತರು. "ನನ್ನ ಮೆಣಸು ಹಸಿಯಾ? ಐದು ದಿನ ಬಿಸಿಲಲ್ಲಿ ಒಣಗಿಸಿದ್ದೇನೆ!"

"ಮೊನ್ನೆ ಮಳೆ ಬಂತಲ್ಲ?"

"ನಿಮ್ಮ ಕಡೆ ಬಂದಿರಬೇಕು!"

ಕೆಲಸ ಹೋಯಿತೆಂದೇ ತಿಳಿದೆ. ಇಬ್ಬರೂ ಸಿಟ್ಟಿನಲ್ಲಿ 'ಒಪ್ಪಿಗೆ ಇಲ್ಲ' ಒತ್ತಿಬಿಟ್ಟರು. ನಾನು ಬರೆದೂ ಪರೀಕ್ಷಿಸದೆ ಉಳಿದಿದ್ದ ಭಾಗ ಅದೊಂದೇ. ವ್ಯಾಪಾರ ರದ್ದಾಗಿ, ಕಟ್ಟಿಟ್ಟ ನಾಣ್ಯವೆಲ್ಲ ಮುದಲಾಳಿಗೆ ಚಾಚೂ ತಪ್ಪದೆ ಮರಳಿತು.

ಅಧ್ಯಕ್ಷರು ಮೇಜು ಕುಟ್ಟಿದರು. "ಇಷ್ಟು ಜಗಳ ಆದ್ರೂ ದುಡ್ಡು ದಾರಿ ತಪ್ಪಲಿಲ್ಲ! ನಮಗೆ ಬೇಕಾದ್ದು ಇದೇ. ನಾಳೆಯಿಂದ ನಿನ್ನ ಕೆಲಸ ಕಾಯಂ ಮೋಳೇ."

ಖುಷಿಯಿಂದ ಮೆಟ್ಟಿಲಿಳಿಯುತ್ತಿದ್ದೆ. ಆ ಹಿರಿಯ ಬೆಳೆಗಾರರು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳಿದರು: "ಆ ಐವತ್ತು ಕಿಲೋ ಈ ಮನುಷ್ಯನಿಗೆ ಕೊಡಬೇಡ. ಪನಮರಂನಲ್ಲಿ ಒಬ್ಬರಿದ್ದಾರೆ, ನೋಡದೆಯೇ ತಗೊಳ್ತಾರೆ."